ಅಳಿಯ ಹಿಡಿದ ಮೀನು

ಜಯರಾಜನಿಗೂ ಸಮುದ್ರಕ್ಕೂ ಇದ್ದ ಸಂಬಂಧ ಬಹಳ ಹಳೆಯದು, ಹಾಗೆಯೇ ಬಹಳ ದೂರದ್ದು. ಮಂಗಳೂರಿನ ಕದ್ರಿ ಗುಡ್ಡದಲ್ಲಿ ಬ್ಯಾಂಕ್ ಗುಮಾಸ್ತರ ಮಗನಾಗಿ ಹುಟ್ಟಿದ ಅವನು, ಆಕಾಶ ತಿಳಿಯಾಗಿದ್ದ ದಿನಗಳಲ್ಲಿ ಮಹಡಿ ಹತ್ತಿ ದೂರದ ನೀಲಿ ಗೆರೆಯೊಂದನ್ನು ನೋಡುತ್ತಿದ್ದ. ಅದೇ ಸಮುದ್ರ. ಮೀನು ಅವನ ಮನೆಗೆ ಬೆಳಿಗ್ಗೆ ಬುಟ್ಟಿಯಲ್ಲಿ, ಇನ್ನೊಬ್ಬರ ತಲೆಯ ಮೇಲೆ ಕುಳಿತು ಬರುತ್ತಿತ್ತು. ಇಷ್ಟರ ಬಲದ ಮೇಲೆ ಅವನು ಅಮೆರಿಕಕ್ಕೆ ಬಂದು ಆರು ವರ್ಷಗಳಿಂದ ತಾನು ಕಡಲ ಮಗನೆಂದು ಹೇಳಿಕೊಂಡು ತಿರುಗುತ್ತಿದ್ದ.

ಸ್ಯಾನ್ ಹೋಸೆಯ ಎವರ್‌ಗ್ರೀನ್ ಬಡಾವಣೆಯಲ್ಲಿ ಸುತ್ತಮುತ್ತ ಇದ್ದವರು ಮೈಸೂರು, ಬೆಂಗಳೂರಿನವರಾದ್ದರಿಂದ ಈ ಮಾತು ಸಲೀಸಾಗಿ ನಡೆಯುತ್ತಿತ್ತು. ಪಕ್ಕದ ಮನೆಯ ಅರವಿಂದನಂತೂ ಬಂಗುಡೆಗೂ ತಿಮಿಂಗಿಲಕ್ಕೂ ಗಾತ್ರದಲ್ಲಿ ಮಾತ್ರ ವ್ಯತ್ಯಾಸವೆಂದು ನಂಬಿದ್ದ ಮೈಸೂರಿನ ಸಸ್ಯಾಹಾರಿ. ಮಾತು ನಡೆಯದೆ ಇದ್ದದ್ದು ಸ್ವಂತ ಮನೆಯೊಳಗೆ. ಹೆಂಡತಿ ಸೌದಾಮಿನಿ ಮಲ್ಪೆಯವಳು. ಅವಳ ತಂದೆ, ಅಣ್ಣ ಇಬ್ಬರೂ ದೋಣಿಯವರು. ತಾಯಿ ವಾರಿಜಕ್ಕ ಮೂವತ್ತು ವರ್ಷ ಮೀನಿನ ಬುಟ್ಟಿ ಹೊತ್ತವರು. ಮದುವೆಯಾದ ವಾರದಲ್ಲಿ ಹೊಸ ಅಳಿಯನನ್ನು ದೋಣಿ ಹತ್ತಿಸಿದಾಗ, ದೋಣಿ ಇನ್ನೂ ಬಂದರಿನಲ್ಲೇ ಹಗ್ಗ ಕಟ್ಟಿಕೊಂಡು ನಿಂತಿದ್ದಾಗಲೇ, ಅವನು ಎರಡು ಸಲ ವಾಂತಿ ಮಾಡಿಕೊಂಡಿದ್ದ. ಭಾವ ಯತೀಶ ಇದನ್ನು ಮನೆಗೆ ಬಂದವರಿಗೆಲ್ಲ ಕಾಫಿಯ ಜತೆ ಬಡಿಸುತ್ತಿದ್ದನಂತೆ.

ಹೀಗಿರುವಾಗ ಸೌದಾಮಿನಿಗೆ ಆರನೇ ತಿಂಗಳು ತುಂಬಿತು. ವಾರಿಜಕ್ಕ ಬಾಣಂತನಕ್ಕೆಂದು ಮೊದಲೇ ಬಂದಿಳಿದರು. ಆಗ ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಡಿಸೆಂಬರ್. ಹೊಸ ವರ್ಷದ ದಿನ ಜಗತ್ತಿನ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಕೆಡುತ್ತವೆಂದು ಊರೇ ಕಾಯುತ್ತಿತ್ತು. ಸೌದಾಮಿನಿ ಮಾತ್ರ ಮೀನಿಗಾಗಿ ಕಾಯುತ್ತಿದ್ದಳು.

ಒಂದು ಭಾನುವಾರ ಸಂಜೆ ಅರವಿಂದನೂ ಅವನ ಹೆಂಡತಿ ಮೈಥಿಲಿಯೂ ಕಾಫಿಗೆ ಬಂದಿದ್ದಾಗ ಸಂಗತಿ ಹೊರಬಿತ್ತು. ಮನೆಯವರು ತಮ್ಮೊಳಗೆ ಆಡುವುದು ತುಳು. ಮೈಸೂರಿನವರು ಕುಳಿತಿದ್ದಾಗ ಕನ್ನಡ. ಓದುವವರ ಅನುಕೂಲಕ್ಕೆ ಇಲ್ಲಿ ಎಲ್ಲವೂ ಕನ್ನಡವೇ.

"ಇಂಡಿಯನ್ ಅಂಗಡಿಯ ಫ್ರೋಜನ್ ಕಾಣೆ ಮೀನು ನನಗೆ ಸೇರುದಿಲ್ಲ ಅಮ್ಮ. ಕಲ್ಲಿನ ಹಾಗೆ ಉಂಟು" ಎಂದಳು ಸೌದಾಮಿನಿ. "ಬೆಳಿಗ್ಗೆ ನೀರಲ್ಲಿದ್ದದ್ದು ಮಧ್ಯಾಹ್ನ ಬಟ್ಟಲಲ್ಲಿರ್ಬೇಕು. ಹೊಳೆ ಕಡಲು ಸೇರುವ ಅಳಿವೆಯ ಮೀನು. ಮನೆಯವರು ಹಿಡಿದು ತಂದದ್ದು."

ವಾರಿಜಕ್ಕ ಲೋಟ ಕೆಳಗಿಟ್ಟರು. "ಬಯಕೆ ತೀರಿಸ್ಬೇಕು. ಇಲ್ಲದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರ್ತದೆ" ಎಂದರು, ರೈಲು ಎಷ್ಟು ಗಂಟೆಗೆ ಬರುತ್ತದೆಂದು ಹೇಳುವಷ್ಟು ಸಹಜವಾಗಿ.

"ಇಲ್ಲಿ ಮನೆಯವರು ಅಂದ್ರೆ ಯಾರಿದ್ದಾರೆ?" ಎಂದು ಸೌದಾಮಿನಿ ನಿಟ್ಟುಸಿರು ಬಿಟ್ಟಳು. ಅವಳು ಅಣ್ಣನನ್ನು ನೆನೆದು ಹೇಳಿದ್ದು. ಗಂಡ ಕುರ್ಚಿಯಲ್ಲಿ ಕುಳಿತಿದ್ದದ್ದು ಅವಳಿಗೆ ಹೊಳೆದಿರಲಿಲ್ಲ. ಅದೇ ಅವನಿಗೆ ಚುಚ್ಚಿತು.

"ನಾನಿಲ್ವಾ?" ಎಂದ ಜಯರಾಜ. "ನಾನೇ ಹಿಡಿದು ತರ್ತೇನೆ."

ಅರವಿಂದ, "ಸೂಪರ್ ಗುರುವೇ. ಬ್ಲಡ್ಡಲ್ಲೇ ಇದೆ ನಿಮಗೆ" ಎಂದ. ಅತ್ತೆ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ಮತ್ತೆ ಲೋಟ ಎತ್ತಿಕೊಂಡರು. ಆ ರಾತ್ರಿಯೇ ಸುದ್ದಿ ಫೋನಿನಲ್ಲಿ ಮಲ್ಪೆಗೆ ಹೋಯಿತು. ಯತೀಶ ನಕ್ಕದ್ದು ರಿಸೀವರಿನಿಂದ ಹೊರಗೂ ಕೇಳಿಸಿತು. ಜನವರಿಯಲ್ಲಿ ಬಯಕೆ ಊಟ. ಅಷ್ಟರೊಳಗೆ ಅಳಿಯನ ಮೀನು ಮಗಳ ಹೊಟ್ಟೆ ಸೇರಬೇಕೆಂದು ವಾಯಿದೆಯಾಯಿತು.

ಜಯರಾಜ ಕೆಲಸ ಮಾಡುತ್ತಿದ್ದದ್ದು ರೆಡ್‌ವುಡ್ ಸಿಟಿಯಲ್ಲಿ, ನಾಯಿಗಳ ಹುಟ್ಟುಹಬ್ಬದ ಕೇಕುಗಳನ್ನು ಇಂಟರ್‌ನೆಟ್ಟಿನಲ್ಲಿ ಮಾರುವ ಒಂದು ಕಂಪನಿಯಲ್ಲಿ. ಅವನ ಮ್ಯಾನೇಜರ್ ಡೇಲ್ ಐವತ್ತೈದು ದಾಟಿದ, ಮೀಟಿಂಗಿನಲ್ಲಿ ಬಾಯಿ ತೆರೆಯದ ಮನುಷ್ಯ. ಅವನ ಮೇಜಿನ ಮೇಲೆ ಹಕ್ಕಿಯ ಪುಕ್ಕ ಕಟ್ಟಿದ ಪುಟ್ಟ ಗಾಳಗಳ ಒಂದು ಡಬ್ಬಿ ಇತ್ತು. ಸೋಮವಾರ ಜಯರಾಜ ಅದರ ಎದುರು ನಿಂತು, ಮೀನು ಹಿಡಿಯುವುದು ತನಗೂ ಇಷ್ಟವೆಂದ. ಮೊದಲ ಬಾರಿಗೆ ಡೇಲ್ ಅವನ ಕಡೆ ಕುರ್ಚಿ ತಿರುಗಿಸಿ ಕುಳಿತ.

ಚಳಿಗಾಲದ ಮಳೆ ಬಿದ್ದ ಮೇಲೆ ಕಡಲ ಟ್ರೌಟ್ ಒಳಗೆ ಬರುತ್ತದೆ ಎಂದು ಡೇಲ್ ಹೇಳಿದ. ಹೊಳೆಯಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮತ್ತೆ ಹುಟ್ಟಿದ ಹೊಳೆ ಹುಡುಕಿಕೊಂಡು ಬರುವ ಮೀನು. ಅಲ್ಲಿನವರು ಅದನ್ನು ಸ್ಟೀಲ್‌ಹೆಡ್ ಎನ್ನುತ್ತಾರೆ. ಹೊಳೆ ಸೇರುವ ಮೊದಲು ಉಬ್ಬರದ ಹೊತ್ತಿಗೆ ಕೊಲ್ಲಿಯಂಚಿನ ಉಪ್ಪು ಜೌಗಿನಲ್ಲಿ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಕೂಡ ಒಮ್ಮೊಮ್ಮೆ ಸುಳಿಯುತ್ತದಂತೆ. "ಒಂದು ಚಳಿಗಾಲದಲ್ಲಿ ಒಂದು ಸಿಕ್ಕರೆ ಪುಣ್ಯ" ಎಂದು ಡೇಲ್ ಹೇಳಿದ್ದನ್ನು ಜಯರಾಜ ಅಮೆರಿಕನ್ನರ ವಿನಯವೆಂದು ತಿಳಿದ.

ಮೊದಲು ಅವನು ಮೀನು ಹಿಡಿಯುವ ಲೈಸೆನ್ಸು ಮಾಡಿಸಿ, ಅದಕ್ಕೆ ಲ್ಯಾಮಿನೇಷನ್ ಹಾಕಿಸಿ, ಅತ್ತೆಗೆ ತೋರಿಸಿದ. "ಮೀನು ಹಿಡಿಯಲಿಕ್ಕೆ ಕಾರ್ಡು ಬೇಕಾ?" ಎಂದು ವಾರಿಜಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಮೀನಿಗೆ ಯಾರು ತೋರಿಸ್ತಾರೆ?"

ಶನಿವಾರ ಬೆಳಿಗ್ಗೆ ಡೇಲ್ ಅವನಿಗೆ ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು ತೊಡಿಸಿ ಜೌಗಿಗೆ ಇಳಿಸಿದ. ಕಣ್ಣು ಹಾಯುವಷ್ಟು ದೂರ ಮೊಣಕಾಲೆತ್ತರದ ಉಪ್ಪುಗಿಡ, ಚಳಿಗೆ ಕೆಂಪಾಗಿತ್ತು. ನಡುನಡುವೆ ಬೂದು ನೀರಿನ ಕಾಲುವೆಗಳು. ಆಚೆ ದಡದಲ್ಲಿ ಫ್ರೀವೇಯ ಕಾರುಗಳು ಸದ್ದಿಲ್ಲದೆ ಹೋಗುತ್ತಿದ್ದವು. ಡೇಲ್ ಗಾಳದ ಕೋಲು ಬೀಸಿದರೆ ದಾರ ಗಾಳಿಯಲ್ಲಿ ಬಳುಕಿ ನೀರ ಮೇಲೆ ಮೆಲ್ಲನೆ ಮಲಗುತ್ತಿತ್ತು. ಜಯರಾಜ ಬೀಸಿದರೆ ಗಾಳ ಹಿಂದಿನ ಗಿಡಕ್ಕೆ, ಇಲ್ಲವೇ ಅವನದೇ ಟೋಪಿಗೆ, ಒಮ್ಮೆ ಡೇಲನ ತೋಳಿಗೆ ಸಿಕ್ಕಿಕೊಂಡಿತು. ಡೇಲ್ ಅದನ್ನು ಬಿಡಿಸಿಕೊಂಡು ಹತ್ತು ಹೆಜ್ಜೆ ದೂರ ಸರಿದು ನಿಂತ. ಎರಡನೇ ಶನಿವಾರ ಕೆಸರು ಜಯರಾಜನ ಎಡಗಾಲನ್ನು ಹಿಡಿದುಕೊಂಡು ಬಿಡಲಿಲ್ಲ. ಡೇಲ್ ಎಳೆದು ತೆಗೆಯುವಷ್ಟರಲ್ಲಿ ಇಪ್ಪತ್ತು ನಿಮಿಷವಾಯಿತು.

ಮೂರನೇ ಶನಿವಾರ ಮೀನು ಸಿಕ್ಕಿತು, ಡೇಲನಿಗೆ. ತೋಳುದ್ದದ, ಬೆಳ್ಳಿ ಬಣ್ಣದ ಮೀನು. ಜಯರಾಜ ಚೀಲ ಬಿಚ್ಚಿ ಹಿಡಿದುಕೊಂಡು ಓಡಲು ನೋಡಿದ. ಕೆಸರಿನಲ್ಲಿ ಅದು ನಡಿಗೆಯಷ್ಟೇ ಆಯಿತು. ಅವನು ತಲುಪುವಷ್ಟರಲ್ಲಿ ಡೇಲ್ ಮೀನನ್ನು ಎರಡೂ ಕೈಯಲ್ಲಿ ನೀರಿನೊಳಗೇ ಆನಿಸಿಕೊಂಡು, ಅದರ ಮುಖವನ್ನು ಹರಿವಿನ ಕಡೆ ತಿರುಗಿಸಿ, ಮೆಲ್ಲನೆ ಬಿಟ್ಟುಬಿಟ್ಟ.

"ಕೈ ಜಾರಿತಾ?" ಎಂದ ಜಯರಾಜ.

"ಇಲ್ಲ. ಬಿಟ್ಟೆ. ಇವು ಬಹಳ ಕಡಿಮೆಯಾಗಿವೆ. ಸಿಕ್ಕರೆ ಬಿಡಲೇಬೇಕು, ಅದು ಕಾನೂನು. ಕಾನೂನು ಇಲ್ಲದಿದ್ದರೂ ಬಿಡುತ್ತಿದ್ದೆ."

ಜಯರಾಜ ನೀರನ್ನೇ ನೋಡುತ್ತ ನಿಂತ. ಮೂರು ವಾರ ಚಳಿಯಲ್ಲಿ ನಡುಗಿ, ಕೆಸರು ತಿಂದು, ಕೊನೆಗೆ ಸಿಕ್ಕ ಮೀನಿಗೆ ಶುಭ ಹಾರೈಸಿ ಕಳಿಸುವ ಜನವೂ ಉಂಟೆಂದು ಅವನಿಗೆ ಕದ್ರಿಯಲ್ಲಿ ಯಾರೂ ಹೇಳಿರಲಿಲ್ಲ.

ಹೊಸ ವರ್ಷ ಬಂತು. ಕಂಪ್ಯೂಟರುಗಳು ಕೆಡಲಿಲ್ಲ. ಊರಿನವರು ಕೂಡಿಟ್ಟಿದ್ದ ನೀರಿನ ಬಾಟಲಿಗಳು ಗರಾಜುಗಳಲ್ಲಿ ಉಳಿದವು. ಬಯಕೆ ಊಟಕ್ಕೆ ಒಂದು ವಾರ ಮಾತ್ರ ಇತ್ತು. ಮಲ್ಪೆಯಿಂದ ಯತೀಶ ಪ್ರತಿ ಭಾನುವಾರ, "ಭಾವ ಇನ್ನೂ ಬಂದರಿನಲ್ಲೇ ಇದ್ದಾರಾ?" ಎಂದು ಕೇಳುತ್ತಿದ್ದ.

ಆ ಶನಿವಾರ ಜಯರಾಜ ರಬ್ಬರ್ ಪ್ಯಾಂಟು ತೊಟ್ಟೇ ಮನೆಯಿಂದ ಹೊರಟ. ಜೌಗಿನ ಬದಲು ಊರಿನ ಇನ್ನೊಂದು ತುದಿಯ ಮೀನಂಗಡಿಗೆ ಹೋದ. ಅಲ್ಲಿ ಬೆಂಡಿನ ತಟ್ಟೆಯಲ್ಲಿ, ಪ್ಲಾಸ್ಟಿಕ್ ಹೊದ್ದು, ಇಡೀ ಟ್ರೌಟ್ ಒಂದು ಮಲಗಿತ್ತು. ಮೇಲಿನ ಚೀಟಿಯಲ್ಲಿ 'ಐಡಹೋ ಫಾರ್ಮಿನಲ್ಲಿ ಸಾಕಿದ ಟ್ರೌಟ್' ಎಂದೂ ಮಂಗಳವಾರದ ತಾರೀಖೂ ಇತ್ತು. ಅದನ್ನು ಕೊಂಡು, ದಾರಿಯಲ್ಲಿ ಕಾರು ನಿಲ್ಲಿಸಿ, ತೋಟದ ಕೆಲಸದ ರಬ್ಬರ್ ಗ್ಲೌಸು ಹಾಕಿಕೊಂಡು ಮೀನನ್ನು ಬಕೆಟ್ಟಿಗೆ ಹಾಕಿ, ಪ್ಯಾಂಟಿಗೆ ನಾಲ್ಕು ಬೊಗಸೆ ಕೆಸರು ಬಳಿದುಕೊಂಡ. ಉಳಿದದ್ದು ತಟ್ಟೆ. ತನ್ನ ಮನೆಯ ಕಸದ ಡಬ್ಬಿ ಅತ್ತೆಯ ಸುಪರ್ದಿಯಲ್ಲಿತ್ತು. ಪಕ್ಕದ ಮನೆಯ ಡಬ್ಬಿ ಬೇಲಿಯ ಬಳಿಯೇ ಇತ್ತು. ಅವನು ಆಚೀಚೆ ನೋಡಿ ತಟ್ಟೆಯನ್ನು ಅದಕ್ಕೆ ಹಾಕಿದ.

ಸೌದಾಮಿನಿ ಬಾಗಿಲು ತೆರೆದಳು. ಬಕೆಟ್ ನೋಡಿದಳು, ಗಂಡನ ಪ್ಯಾಂಟು ನೋಡಿದಳು. ಅವಳ ಕಣ್ಣು ತುಂಬಿತು. ಜಯರಾಜನಿಗೆ ಆ ಕ್ಷಣದಲ್ಲಿ ನಿಜವಾಗಿಯೂ ತಾನೇ ಹಿಡಿದೆನೆಂದು ಅನ್ನಿಸಿತು. ಸದ್ದು ಕೇಳಿ ಅರವಿಂದ ತನ್ನ ಹೊಸ ಡಿಜಿಟಲ್ ಕ್ಯಾಮೆರಾ ಹಿಡಿದು ಬಂದ, ಎರಡು ಗಜ ದೂರದಲ್ಲೇ ಮೂಗು ಮುಚ್ಚಿಕೊಂಡು ಫೋಟೋ ತೆಗೆದ.

ವಾರಿಜಕ್ಕ ಮೀನಿನ ಕಿವಿರು ಎತ್ತಿ ನೋಡಿದರು. ಕಣ್ಣು ನೋಡಿದರು. ಆಮೇಲೆ ಅಳಿಯನ ಬಲಗೈ ಹಿಡಿದು, ಅಂಗೈಯನ್ನು ಮೂಗಿನ ಹತ್ತಿರ ತಂದುಕೊಂಡು ಒಮ್ಮೆ ಮೂಸಿದರು.

"ಹೂಂ" ಎಂದರು. "ಕೈ ತೊಳ್ಕೊಳ್ಳಿ. ಊಟ ಮಾಡುವ."

ತೆಂಗಿನಕಾಯಿ ಅರೆದ ಮೀನಿನ ಗಸಿ ಕುದಿಯಿತು. ಸೌದಾಮಿನಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ಅಣ್ಣನಿಗೆ ತಾನೇ ಫೋನ್ ಮಾಡಿ, "ಇವರೇ ಹಿಡಿದದ್ದು, ಇಷ್ಟುದ್ದ ಉಂಟು" ಎಂದು ಹೇಳಿದಳು. ಆಚೆ ಕಡೆಯಿಂದ ನಗು ಬರಲಿಲ್ಲ. ಯತೀಶ ಗಂಭೀರವಾಗಿ, "ಭಾವನಿಗೆ ಕೊಡು" ಎಂದು, ನೀರು ಎಷ್ಟಿತ್ತು, ಗಾಳಿ ಯಾವ ಕಡೆಯದು ಎಂದು ವಿಚಾರಿಸಿದ. ಒಬ್ಬ ಮೀನುಗಾರ ಇನ್ನೊಬ್ಬನನ್ನು ಕೇಳುವ ಹಾಗೆ ಕೇಳಿದ. ಜಯರಾಜ ಬಾಯಿಗೆ ಬಂದ ದಿಕ್ಕು ಹೇಳಿದ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆಗಿನ ಕಾಲದಲ್ಲಿ ಆ ಊರಿನಲ್ಲಿ ಯಾವುದನ್ನೂ ವೆಬ್‌ಸೈಟಿಗೆ ಹಾಕದೆ ಬಿಡುವ ಪದ್ಧತಿ ಇರಲಿಲ್ಲ. ಕನ್ನಡ ಕೂಟದ ವೆಬ್‌ಸೈಟು ನೋಡಿಕೊಳ್ಳುತ್ತಿದ್ದವನು ಅರವಿಂದ. ಅವನು ಆ ಸಂಜೆಯೇ ಫೋಟೋ ಏರಿಸಿ, ಕೆಳಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ 'ಉಪ್ಪು ಜೌಗಿನಲ್ಲಿ ಕಡಲ ಟ್ರೌಟ್ ಹಿಡಿದು ಪತ್ನಿಯ ಬಯಕೆ ತೀರಿಸಿದ ನಮ್ಮ ಜಯರಾಜ್' ಎಂದು ಬರೆದ. ಬುಧವಾರದ ಹೊತ್ತಿಗೆ ಮುಕ್ಕಾಲು ಗಂಟೆ ದೂರದ ಡಬ್ಲಿನ್ ಊರಿನಿಂದ ಇಬ್ಬರು ಫೋನ್ ಮಾಡಿ ಶಿಷ್ಯರಾಗಿ ಸೇರಿಸಿಕೊಳ್ಳಿ ಎಂದರು. ಗುರುವಾರ ಆಫೀಸಿನಲ್ಲಿ, ಆ ಫೋಟೋ ನೋಡಿದ್ದ ಡೇಲ್ ಅವನಿಗೆ ಬೆನ್ನು ಮಾಡಿ ಕುರ್ಚಿ ತಿರುಗಿಸಿಕೊಂಡ. ಗಾಳದ ಡಬ್ಬಿ ಮೇಜಿನ ಮೇಲಿಂದ ಡ್ರಾಯರಿನೊಳಕ್ಕೆ ಹೋಗಿತ್ತು.

ಪಕ್ಕದ ಮನೆಯಲ್ಲಿ ಇನ್ನೊಂದು ಬೆಂಕಿ ಹೊಗೆಯಾಡುತ್ತಿತ್ತು. ಮೈಥಿಲಿ ಔಷಧಿ ಕಂಪನಿಯೊಂದರಲ್ಲಿ ಕ್ವಾಲಿಟಿ ಆಡಿಟರ್. ಭಾನುವಾರ ಕಸದ ಡಬ್ಬಿಯನ್ನು ರಸ್ತೆಗೆ ತಳ್ಳುವಾಗ ಅವಳಿಗೆ ಮೀನಿನ ತಟ್ಟೆ ಕಂಡಿತು. ಪಕ್ಕದ ಮನೆಯದು ಜೌಗಿನಿಂದ ಬಂದ ಮೀನು, ಅದಕ್ಕೆ ತಟ್ಟೆ ಇರಲಾರದು, ಹಾಗಾದರೆ ಗಂಡನೇ ಕದ್ದು ತಿಂದಿರಬೇಕು. ಬೇರೆ ಹೆಂಗಸಾಗಿದ್ದರೆ ಕೂಗಾಡುತ್ತಿದ್ದಳು. ಮೈಥಿಲಿ ಗ್ಲೌಸು ಹಾಕಿಕೊಂಡು ತಟ್ಟೆಯನ್ನು ಜಿಪ್ ಚೀಲಕ್ಕೆ ಹಾಕಿ, ಸಿಕ್ಕಿದ ದಿನ ಮತ್ತು ವೇಳೆಯನ್ನು ಮೇಲೆ ಬರೆದು ಗರಾಜಿನಲ್ಲಿಟ್ಟಳು. ತಪ್ಪು ಮಾಡಿದವನು ತಾನಾಗಿ ಬಂದು ಒಪ್ಪಿಕೊಳ್ಳಲಿ ಎನ್ನುವುದು ಅವಳ ಕಂಪನಿಯ ನಿಯಮ. ಅಲ್ಲಿಯವರೆಗೆ ಗಂಡನಿಗೆ ಬೇರೆ ತಟ್ಟೆ, ಬೇರೆ ಲೋಟ, ಮಾತಿಲ್ಲ. ಅರವಿಂದ ಮದುವೆಯ ವಾರ್ಷಿಕೋತ್ಸವ ಮರೆತೆನೇನೋ ಎಂದು ಹೆದರಿ, ಮಂಗಳವಾರ ಒಂದು ಗೊಂಚಲು ಗುಲಾಬಿ ತಂದ. ಕಾರಣವಿಲ್ಲದೆ ಹೂ ತರುವ ಗಂಡಸು ಏನನ್ನು ಮುಚ್ಚಿಡುತ್ತಾನೆಂದು ಆಡಿಟರಿಗೆ ಗೊತ್ತಿತ್ತು. ಅನುಮಾನ ಖಚಿತವಾಯಿತು.

ಭಾನುವಾರ ಬಯಕೆ ಊಟ. ಸೌದಾಮಿನಿ ಹಸಿರು ಬಳೆ ತೊಟ್ಟು, ತಲೆ ತುಂಬ ಮಲ್ಲಿಗೆ ಮುಡಿದು ಕುಳಿತಿದ್ದಳು. ಕನ್ನಡ ಕೂಟದ ಇಪ್ಪತ್ತು ಜನ ಬಂದಿದ್ದರು. ವಾರಿಜಕ್ಕ ನೀರುದೋಸೆಯ ಕಾವಲಿಯ ಮುಂದೆ ನಿಂತಿದ್ದರು. ಹನ್ನೊಂದು ಗಂಟೆಗೆ ಬಾಗಿಲ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಕಂದು ಸಮವಸ್ತ್ರದ ಹೆಂಗಸೊಬ್ಬಳು ನಿಂತಿದ್ದಳು. ಮೀನು ಮತ್ತು ಬೇಟೆ ಇಲಾಖೆಯ ವಾರ್ಡನ್ ಎಂದು ಮೆಲುದನಿಯಲ್ಲಿ ಪರಿಚಯ ಹೇಳಿಕೊಂಡಳು. ಅತಿಥಿಯೆಂದು ತಿಳಿದ ವಾರಿಜಕ್ಕ ಸನ್ನೆ ಮಾಡಿ ಅವಳ ಬೂಟು ಬಿಚ್ಚಿಸಿ, ಕೈಗೆ ಒಂದು ತಟ್ಟೆ ದೋಸೆ ಕೊಟ್ಟರು. ವಾರ್ಡನ್ ಕಾಲ್ಚೀಲದಲ್ಲಿ ನಿಂತು, ಒಂದು ಕೈಯಲ್ಲಿ ದೋಸೆ, ಇನ್ನೊಂದರಲ್ಲಿ ವೆಬ್‌ಸೈಟಿನಿಂದ ತೆಗೆದ ಪ್ರಿಂಟು ಹಿಡಿದುಕೊಂಡು ಇಂಗ್ಲಿಷಿನಲ್ಲಿ ಕೇಳಿದಳು.

"ಈ ಫೋಟೋದಲ್ಲಿರುವವರು ನೀವೇನಾ?"

ಜಯರಾಜ ಬಾಯಿ ತೆರೆಯುವ ಮೊದಲೇ ಉತ್ತರ ಅರವಿಂದನಿಂದ ಬಂತು. "ಇವರೇ ಮೇಡಂ. ಫೋಟೋ ತೆಗೆದದ್ದು ನಾನು."

"ಮೀನನ್ನು ಜೌಗಿನಲ್ಲಿ ಹಿಡಿದದ್ದಾ?"

"ಜೌಗಿನಲ್ಲೇ. ಇವರ ಫ್ಯಾಮಿಲಿ ತಲೆತಲಾಂತರದಿಂದ ಇದನ್ನೇ ಮಾಡಿಕೊಂಡು ಬಂದಿದೆ."

"ಇದೊಂದೇನಾ?"

"ಒಂದೇನು ಮೇಡಂ, ಡಿಸೆಂಬರಿನಿಂದ ಪ್ರತಿ ಶನಿವಾರ ಹೋಗ್ತಾರೆ" ಎಂದು ಅರವಿಂದ ಹೆಮ್ಮೆಯಿಂದ ಜಯರಾಜನ ಬೆನ್ನು ತಟ್ಟಿದ.

ವಾರ್ಡನ್ ದೋಸೆಯ ತಟ್ಟೆಯನ್ನು ಮೆಲ್ಲನೆ ಕೆಳಗಿಟ್ಟು ಜೇಬಿನಿಂದ ಪುಸ್ತಕ ತೆಗೆದಳು. ಕಾಡು ಟ್ರೌಟನ್ನು ಮನೆಗೆ ತರುವುದು ಅಪರಾಧ, ಕೋರ್ಟಿಗೆ ಬರಬೇಕಾಗುತ್ತದೆ ಎಂದಳು. ಜಯರಾಜನ ಗ್ರೀನ್ ಕಾರ್ಡಿನ ಅರ್ಜಿ ಎಲ್ಲೋ ಒಂದು ಮೇಜಿನ ಮೇಲೆ ಕಾಯುತ್ತಿತ್ತು. ಅದರ ಮೇಲೆ ಒಂದು ಟ್ರೌಟ್ ಬಂದು ಕುಳಿತದ್ದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಅಂಗಡಿಯ ಮೀನೆಂದರೆ ಬಿಡುಗಡೆ. ಆದರೆ ಮಲ್ಲಿಗೆ ಮುಡಿದು ಎದುರಿಗೇ ಕುಳಿತವಳ ಮುಂದೆ ಅದನ್ನು ಹೇಗೆ ಹೇಳುವುದು?

ಅಡುಗೆಮನೆಯಿಂದ ಟ್ರೌಟ್, ಅಪರಾಧ ಎಂಬೆರಡೇ ಮಾತು ಕೇಳಿಸಿಕೊಂಡ ಮೈಥಿಲಿ ತನ್ನ ಮನೆಗೆ ಹೋದವಳು ಎರಡು ನಿಮಿಷದಲ್ಲಿ ವಾಪಸ್ ಬಂದಳು. ಜಿಪ್ ಚೀಲವನ್ನು ಊಟದ ಮೇಜಿನ ಮೇಲೆ, ಕೋಸಂಬರಿಯ ಪಕ್ಕದಲ್ಲಿಟ್ಟಳು.

"ರೀ, ಇವ್ರು ಬಂದಿರೋದು ನಿಮಗೋಸ್ಕರ ತಾನೇ?" ಎಂದು ಗಂಡನನ್ನು ಕೇಳಿದಳು. "ನೀವಾಗೇ ಹೇಳ್ತೀರ ಅಂತ ಒಂದು ವಾರ ಕಾದೆ. ಡಿಪಾರ್ಟ್‌ಮೆಂಟಿನವರು ಮನೆಗೆ ಬರೋವರೆಗೂ ಹೇಳ್ಲಿಲ್ಲ ನೀವು."

"ನಾನಾ?" ಎಂದ ಅರವಿಂದ. "ಮೀನಾ?"

"ನಮ್ಮ ಡಬ್ಬಿಯಲ್ಲಿ ಸಿಕ್ತು. ಭಾನುವಾರ ಏಳೂವರೆಗೆ. ಮಂಗಳವಾರ ಗುಲಾಬಿ ತಂದ್ರಿ."

ಇಪ್ಪತ್ತು ಜನ ಅರವಿಂದನನ್ನು ನೋಡಿದರು. ಅವನ ಪಕ್ಕ ಕುಳಿತಿದ್ದವರೊಬ್ಬರು ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿಕೊಂಡರು. ಹುಟ್ಟಿದಾಗಿನಿಂದ ಈರುಳ್ಳಿಗೂ ಯೋಚಿಸುತ್ತಿದ್ದ ಆ ಮನುಷ್ಯ ಮೂಗು ಮುಚ್ಚಿಕೊಂಡು ಚೀಲದ ಕಡೆ ಬಗ್ಗಿ ನೋಡಿದ.

ಜಯರಾಜ ತನಗಾಗಿ ಸುಳ್ಳು ಹೇಳಬಲ್ಲವನಾಗಿದ್ದ. ಇನ್ನೊಬ್ಬನ ತಲೆಯ ಮೇಲೆ ಮೀನು ಹೊರಿಸುವಷ್ಟು ಕಲ್ಲೆದೆ ಅವನದಲ್ಲ.

"ಆ ತಟ್ಟೆ ನಂದು" ಎಂದ. ಆಮೇಲೆ ವಾರ್ಡನ್ನಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಹೇಳಿದ. "ನಾನು ಮೀನು ಹಿಡಿಯಲಿಲ್ಲ. ಅಂಗಡಿಯಿಂದ ತಂದೆ. ನನಗೆ ಒಂದು ಮೀನೂ ಸಿಕ್ಕಿಲ್ಲ."

ವಾರ್ಡನ್ ಚೀಲ ಎತ್ತಿ ಚೀಟಿ ಓದಿದಳು, ಫೋಟೋ ನೋಡಿದಳು, ಪುಸ್ತಕ ಮುಚ್ಚಿದಳು. "ಅಂಗಡಿಯಿಂದ ಮೀನು ಕೊಳ್ಳುವುದು ತಪ್ಪಲ್ಲ" ಎಂದಳು. "ಕೊಂಡ ಮೀನನ್ನು ಹಿಡಿದೆನೆಂದು ಹೇಳುವುದೂ ನನ್ನ ಇಲಾಖೆಗೆ ಬರುವುದಿಲ್ಲ. ಬಂದಿದ್ದರೆ ಕ್ಯಾಲಿಫೋರ್ನಿಯಾದ ಅರ್ಧ ಗಂಡಸರು ಜೈಲಿನಲ್ಲಿರುತ್ತಿದ್ದರು." ಅವಳ ನೋಟ ಒಂದು ಕ್ಷಣ ಹಸಿರು ಬಳೆಗಳ ಕಡೆ ಹೋಗಿ ಬಂತು. ಉಳಿದ ದೋಸೆಯನ್ನು ಪೂರ್ತಿ ತಿಂದು, ಕೈಯೊರೆಸಿಕೊಂಡು, ಬೂಟು ಹಾಕಿಕೊಂಡು ಹೋದಳು.

ಅದೇ ಹೊತ್ತಿಗೆ ಮಲ್ಪೆಯಿಂದ ಫೋನು ಬಂತು. ಸೌದಾಮಿನಿ ಎತ್ತಿ, "ಆಮೇಲೆ ಮಾಡ್ತೇನೆ ಅಣ್ಣ" ಎಂದು ಇಟ್ಟಳು. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಂದವರು ಅರ್ಧ ಉಂಡು, ಅರ್ಧ ಪ್ಯಾಕು ಮಾಡಿಸಿಕೊಂಡು ಹೊರಟರು. ಮೈಥಿಲಿ ಗಂಡನ ಕೈ ಹಿಡಿದುಕೊಂಡೇ ಮನೆಗೆ ಹೋದಳು. ಅಡುಗೆಮನೆಯ ಕಿಟಕಿಯಿಂದ ಅದು ಕಾಣಿಸಿತು. ಜಯರಾಜ ಪಾತ್ರೆ ತೊಳೆಯುತ್ತ ಅತ್ತೆಯನ್ನು ಕೇಳಿದ.

"ನಿಮಗೆ ಮೊದಲೇ ಗೊತ್ತಿತ್ತಾ?"

"ಮೂವತ್ತು ವರ್ಷ ಬುಟ್ಟಿ ಹೊತ್ತಿದ್ದೇನೆ" ಎಂದರು ವಾರಿಜಕ್ಕ. "ಐಸಿನಲ್ಲಿ ನಾಲ್ಕು ದಿನ ಮಲಗಿದ ಮೀನು ಯಾರನ್ನೂ ನೋಡುದಿಲ್ಲ. ನಿಮ್ಮ ಕೈಯಲ್ಲಿ ರಬ್ಬರಿನ ವಾಸನೆ ಇತ್ತು."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

"ಅವಳು ಉಣ್ತಾ ಇದ್ದಳು. ಉಣ್ಣುವವರ ಹತ್ತಿರ ಎಂತ ಹೇಳುದು."

ಸೌದಾಮಿನಿ ಸಂಜೆ ಬಾಗಿಲು ತೆರೆದಳು. ಕೂಗಾಡಲಿಲ್ಲ. ಬಳೆಗಳನ್ನು ಒಂದೊಂದಾಗಿ ತೆಗೆಯುತ್ತ, "ನಮ್ಮಪ್ಪ ಎಷ್ಟೋ ದಿನ ಬರಿಗೈಯಲ್ಲಿ ಬಂದಿದ್ದಾರೆ" ಎಂದಳು. "ಅಮ್ಮ ಬೇಳೆಸಾರು ಮಾಡ್ತಿದ್ರು. ನಮ್ಮ ಮನೆಯಲ್ಲಿ ಬರಿಗೈ ಅಂದ್ರೆ ನಾಚಿಕೆ ಅಲ್ಲ. ನಿಮಗೆ ಸಿಗ್ಲಿಲ್ಲ ಅಂತ ನನ್ನ ಹತ್ತಿರ ಹೇಳ್ಲಿಕ್ಕೆ ಆಗ್ಲಿಲ್ವಾ? ನಾನು ನಂಬಿದೆ. ಅಣ್ಣನಿಗೆ ನಾನೇ ಹೇಳಿದೆ."

ಜಯರಾಜನಿಗೆ ನಾಚಿಕೆಯಾಯಿತು. ಮಲ್ಪೆಯ ದೋಣಿಯಲ್ಲಿ ಆದದ್ದು ಹೊಟ್ಟೆಯ ತೊಳಸಾಟ, ಇದು ಬೇರೆ. ಅವಳು ಆ ವಾರವಿಡೀ ಅವನೊಡನೆ ಮಾತಾಡಿದಳು, ಆದರೆ ಕೊತ್ತಂಬರಿ ತನ್ನಿ, ಡಾಕ್ಟರ ಅಪಾಯಿಂಟ್‌ಮೆಂಟು ಉಂಟು ಎನ್ನುವಷ್ಟೇ.

ಸೋಮವಾರ ಅವನು ಡೇಲನ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಡೇಲ್ ಕೊನೆಯವರೆಗೆ ಕೇಳಿ, ಡ್ರಾಯರಿನಿಂದ ಗಾಳದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಮೊಣಕಾಲು ನೋವಿನಿಂದ ಈ ಶನಿವಾರ ಬರಲಾರೆ, ಬೇಕಾದರೆ ಕೋಲು ತೆಗೆದುಕೊಂಡು ಹೋಗು ಎಂದ. ಯಾಕೆ ಹೋಗಬೇಕೆಂದು ಜಯರಾಜನಿಗೂ ತಿಳಿದಿರಲಿಲ್ಲ. ಬರಿಗೈಯಲ್ಲಿ ಬಂದು, ಸಿಗಲಿಲ್ಲ ಎಂದು ಒಮ್ಮೆ ಸರಿಯಾಗಿ ಹೇಳಬೇಕೆನ್ನಿಸಿತ್ತು ಅಷ್ಟೆ.

ಹೊರಡುವಾಗ ವಾರಿಜಕ್ಕ ಬಾಗಿಲಿಗೆ ಬಂದರು. "ನೀರು ನೋಡ್ಬೇಡಿ, ಅದು ನಿಮಗೆ ತಿಳಿಯುದಿಲ್ಲ. ಕೊಕ್ಕರೆ ನೋಡಿ. ಅದು ಅಲ್ಲಾಡದೆ ನಿಂತ ಕಡೆ ನೀವೂ ನಿಂತ್ಕೊಳ್ಳಿ."

ಜೌಗಿನಲ್ಲಿ ಯಾರೂ ಇರಲಿಲ್ಲ. ಉಬ್ಬರ ಏರಿ ಕೆಂಪು ಗಿಡಗಳ ಬುಡ ಮುಳುಗಿತ್ತು. ಕಾಲುವೆಯ ತಿರುವಿನಲ್ಲಿ ಒಂದು ಬಿಳಿ ಕೊಕ್ಕರೆ ನಿಂತಿತ್ತು. ಜಯರಾಜ ಅದಕ್ಕೆ ಇಪ್ಪತ್ತು ಹೆಜ್ಜೆ ಇರುವಾಗಲೇ ನಿಂತ. ಅದು ಅಲ್ಲಾಡಲಿಲ್ಲ, ಅವನೂ ಅಲ್ಲಾಡಲಿಲ್ಲ. ಕಾಲು ಮರಗಟ್ಟಿತು. ನೀರು ಇಳಿಯತೊಡಗಿದಾಗ ಒಮ್ಮೆ ಬೀಸಿದ. ದಾರ ಹೇಗೋ ನೆಟ್ಟಗೆ ಹೋ‌ಗಿ ಮಲಗಿತು. ನಾಲ್ಕನೆಯ ಸಲ ಬೀಸಿದಾಗ ಕೋಲು ಕೈಯಿಂದ ಕಿತ್ತುಕೊಂಡು ಹೋಗುವಂತೆ ಬಾಗಿತು.

ಮುಂದಿನ ಹತ್ತು ನಿಮಿಷ ಏನಾಯಿತೆಂದು ಅವನು ಇವತ್ತಿಗೂ ಸರಿಯಾಗಿ ಹೇಳಲಾರ. ಕೆಸರಿನಲ್ಲಿ ಮೊಣಕಾಲೂರಿದ್ದು, ಟೋಪಿ ತೇಲಿಹೋದದ್ದು ನೆನಪಿದೆ. ಕೊನೆಗೆ ಮೀನು ಅವನ ಎರಡು ಕೈಗಳ ನಡುವೆ ನೀರಿನಲ್ಲಿತ್ತು. ಬೆನ್ನು ಹಸಿರುಗಪ್ಪು, ಪಕ್ಕೆ ಬೆಳ್ಳಿ. ಅದರ ಕಣ್ಣು ಅವನನ್ನು ನೋಡುತ್ತಿತ್ತು. ಅವನಿಗೆ ಭಯವೂ ಆಯಿತು, ಅಳುವೂ ಬಂತು. ಕ್ಯಾಮೆರಾ ಇರಲಿಲ್ಲ, ಡೇಲ್ ಇರಲಿಲ್ಲ, ಕೊಕ್ಕರೆ ಆಗಲೇ ಹಾರಿಹೋಗಿತ್ತು. ಬಾಯಿಯ ಗಾಳ ಬಿಡಿಸಿ, ಮುಖವನ್ನು ಹರಿವಿನ ಕಡೆ ತಿರುಗಿಸಿ ಹಿಡಿದ. ಅದು ಒಮ್ಮೆ ಮೈ ಕೊಡವಿ ಹೋಯಿತು.

ಮನೆಯಲ್ಲಿ ಅರವಿಂದ, ಮೈಥಿಲಿ ಇಬ್ಬರೂ ಮಗುವಿನ ತೊಟ್ಟಿಲು ಜೋಡಿಸಲು ಬಂದಿದ್ದರು. ಜಯರಾಜ ಕೆಸರುಗಾಲಲ್ಲಿ ಬಾಗಿಲಲ್ಲೇ ನಿಂತು, "ಸಿಕ್ಕಿತು" ಎಂದ. "ಬಿಟ್ಟು ಬಂದೆ."

ಅರವಿಂದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಗುರುವೇ, ಈ ಸಲ ತಟ್ಟೆ ಯಾರ ಮನೆ ಡಬ್ಬಿಗೆ ಹಾಕಿದ್ರಿ?"

ಮೈಥಿಲಿ ನಗು ತಡೆದುಕೊಂಡಳು. ಸೌದಾಮಿನಿ ನಗಲಿಲ್ಲ. ಗಂಡನ ಮುಖವನ್ನು ಒಮ್ಮೆ ನೋಡಿ, ಬೇಸರದಿಂದ ಬೇರೆ ಕಡೆ ತಿರುಗಿದಳು. ಜಯರಾಜನೂ ವಾದಿಸಲಿಲ್ಲ. ತನ್ನ ಮಾತನ್ನು ತಾನೇ ಕೇಳಿದ್ದರೂ ನಂಬುತ್ತಿರಲಿಲ್ಲವೆಂದು ಅವನಿಗೆ ಗೊತ್ತಿತ್ತು. ಕೈ ತೊಳೆಯಲು ಸಿಂಕಿನ ಕಡೆ ಹೊರಟ.

"ನಿಲ್ಲಿ" ಎಂದರು ವಾರಿಜಕ್ಕ.

ಅಡುಗೆಮನೆಯಿಂದ ಬಂದು, ಅಳಿಯನ ಬಲಗೈ ಹಿಡಿದು, ಅಂಗೈಯನ್ನು ಮೂಗಿಗೆ ತಂದುಕೊಂಡರು. ಈ ಸಲ ಬೇಗ ಬಿಡಲಿಲ್ಲ. ಎಡಗೈಯನ್ನೂ ಕೇಳಿ ಮೂಸಿದರು. ಬೆರಳ ಸಂದಿಯಲ್ಲಿ ಅಂಟಿದ್ದ ಲೋಳೆಯನ್ನು ಹೆಬ್ಬೆರಳಿನಿಂದ ತೀಡಿ ನೋಡಿದರು.

"ಕೈ ತೊಳ್ಕೊಳ್ಬೇಡಿ" ಎಂದರು. ಆಮೇಲೆ ಮಗಳಿಗೆ ಹೇಳಿದರು. "ಜೀವ ಇದ್ದ ಮೀನು. ಇವರ ಕೈಯಿಂದಲೇ ಹೋದದ್ದು."

ಸೌದಾಮಿನಿ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಎದ್ದು ಬಂದಳು. ಗಂಡನ ಎರಡೂ ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಉಪ್ಪು, ಕೆಸರು, ಹಸಿ ಮೀನು. ಎಷ್ಟು ಹೊತ್ತು ಹಾಗೆ ನಿಂತಳೆಂದರೆ, ಸಸ್ಯಾಹಾರಿಗಳಿಬ್ಬರೂ ಗೋಡೆಯ ಕ್ಯಾಲೆಂಡರನ್ನು ಜನವರಿಯಿಂದ ಡಿಸೆಂಬರಿನವರೆಗೆ ಓದಿ ಮುಗಿಸಿದರು.

"ಅಪ್ಪನ ಕೈ ಹೀಗೇ ಇರ್ತಿತ್ತು" ಎಂದಳು ಕೊನೆಗೆ.

ಮಧ್ಯಾಹ್ನ ವಾರಿಜಕ್ಕ ಬೇಳೆಸಾರು ಮಾಡಿದರು. ಐವರೂ ಕೂತು ಉಂಡರು. ಜಯರಾಜ ಚಮಚದಲ್ಲಿ ಉಂಡ, ಕೈ ತೊಳೆಯಲು ಅಪ್ಪಣೆಯಾಗಿರಲಿಲ್ಲ.

ಮಾರ್ಚಿನಲ್ಲಿ ಹೆಣ್ಣುಮಗು ಹುಟ್ಟಿತು. ಎರಡು ಕಿವಿಗಳೂ ಇಂದಿಗೂ ನೆಟ್ಟಗಿವೆ, ಒಂದು ಹನಿ ಸೋರಿಲ್ಲ. ಊಟಕ್ಕೆ ಕರೆದರೆ ಮಾತ್ರ ಕೇಳಿಸುವುದಿಲ್ಲ. ಅದಕ್ಕೂ ಮೀನಿಗೂ ಸಂಬಂಧವಿಲ್ಲ, ಅದು ಅಪ್ಪನ ಕಡೆಯಿಂದ ಬಂದದ್ದು ಎಂದು ವಾರಿಜಕ್ಕ ಮಲ್ಪೆಯಿಂದ ತಿಳಿಸಿದ್ದಾರೆ.